ಲಾರಾವೆಲ್ ಐಡಿಇ ಹೆಲ್ಪರ್: ಮಂಡಿ ಲೆಕ್ಕದ ತಂತ್ರಾಂಶದಲ್ಲಿ ಎರಡು ಸುಗ್ಗಿಗಳ ಬಳಕೆಯ ನಂತರ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಕೆಲವು ದಲಾಲಿ ಮಂಡಿಗಳಿಗೆ ಲೆಕ್ಕದ ತಂತ್ರಾಂಶವನ್ನು ಬರೆದುಕೊಟ್ಟು ನೋಡಿಕೊಳ್ಳುವ ನಾಲ್ಕು ಜನರ ತಂಡ ನಮ್ಮದು. ಮೆಕ್ಕೆಜೋಳದ ಚೀಲ ಗಾಡಿಯಿಂದ ಇಳಿದ ಗಳಿಗೆಯಿಂದ ರೈತರ ಕೈಗೆ ಬಿಕರಿ ಪಟ್ಟಿ ಸೇರುವವರೆಗಿನ ತೂಕ, ದರ, ಹಮಾಲಿ, ಮುಂಗಡ, ಬಾಕಿ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ತಂತ್ರಾಂಶವನ್ನು ಪಿಎಚ್‌ಪಿ ಭಾಷೆಯಲ್ಲಿ, ಲಾರಾವೆಲ್ ಚೌಕಟ್ಟನ್ನು ಆಧರಿಸಿ ಬರೆದಿದ್ದೇವೆ. ಅದಕ್ಕೆ ಪೂರಕವಾಗಿ ಎರಡು ಸುಗ್ಗಿಗಳಿಂದ ಬಳಸುತ್ತಿರುವ ‘ಲಾರಾವೆಲ್ ಐಡಿಇ ಹೆಲ್ಪರ್’ (ಐಡಿಇ ಎಂದರೆ ಕೋಡ್ ಬರೆಯುವ ಎಡಿಟರ್) ಎಂಬ ಸಾಧನದ ಬಗ್ಗೆ, ಅದರಲ್ಲೂ ಡೇಟಾಬೇಸಿನ ಒಂದೊಂದು ಟೇಬಲ್ಲನ್ನು ಪ್ರತಿನಿಧಿಸುವ ಮಾಡೆಲ್ ಕ್ಲಾಸುಗಳಲ್ಲಿ ಘೋಷಣೆಯಾಗದೆ ಬಳಕೆಯಾಗುವ ಪ್ರಾಪರ್ಟಿಗಳನ್ನು (ಮಾಹಿತಿ ಇಡುವ, ಹೆಸರುಳ್ಳ ಜಾಗಗಳನ್ನು) ದಾಖಲಿಸುವ ಅದರ ಒಂದು ಕಮಾಂಡಿನ ಬಗ್ಗೆ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದೇ ಊರಿನಲ್ಲಿಯೂ ಸುತ್ತಲಿನ ಜಿಲ್ಲೆಗಳಲ್ಲಿಯೂ ಪಿಎಚ್‌ಪಿಯಲ್ಲಿ ಕೆಲಸ ಮಾಡುವ ಸಣ್ಣ ತಂಡಗಳಿಗೆ ಇದು ಉಪಯೋಗಕ್ಕೆ ಬರಬಹುದೆಂಬ ನಂಬಿಕೆ ನನಗಿದೆ.

ಮೊದಲು ತೊಡಕು ಯಾವುದೆಂದು ಹೇಳಬೇಕು. ಪಿಎಚ್‌ಪಿಯ ಸಾಮಾನ್ಯ ಕ್ಲಾಸಿನಲ್ಲಿ ಒಂದು ಪ್ರಾಪರ್ಟಿ ಬೇಕಾದರೆ ಅದನ್ನು ಕ್ಲಾಸಿನೊಳಗೆ ಘೋಷಿಸುತ್ತೇವೆ. 2019ರ ನವೆಂಬರ್‌ನಲ್ಲಿ ಬಂದ 7.4ನೆಯ ಆವೃತ್ತಿಯಿಂದ ಅದರ ಮುಂದೆ ಟೈಪನ್ನೂ ಬರೆಯಬಹುದು. ಆದರೆ ಕ್ಲಾಸಿನಲ್ಲಿ ಇಲ್ಲದ ಪ್ರಾಪರ್ಟಿಯನ್ನು ಯಾರಾದರೂ ಓದಲು ಹೊರಟಾಗ, ಆ ಕ್ಲಾಸಿನಲ್ಲಿ ಎರಡು ಅಡಿಗೆರೆಗಳಿಂದ ಆರಂಭವಾಗುವ ‘ಗೆಟ್’ ಎಂಬ ಮ್ಯಾಜಿಕ್ ಮೆಥಡ್ ಇದ್ದರೆ, ಪಿಎಚ್‌ಪಿ ಅದನ್ನು ಕರೆದು ಕೇಳಿದ ಹೆಸರನ್ನು ಅದರ ಕೈಗೆ ಕೊಡುತ್ತದೆ. ಬರೆಯಲು ಹೋದರೆ ‘ಸೆಟ್’, ಇದೆಯೇ ಎಂದು ವಿಚಾರಿಸಿದರೆ ‘ಇಸ್‌ಸೆಟ್’, ಅಳಿಸಿದರೆ ‘ಅನ್‌ಸೆಟ್’ ಹೀಗೆಯೇ ಕೆಲಸ ಮಾಡುತ್ತವೆ. ಡೇಟಾಬೇಸಿನೊಡನೆ ವ್ಯವಹರಿಸುವ ಲಾರಾವೆಲ್‌ನ ಭಾಗವಾದ ಎಲೊಕ್ವೆಂಟ್‌ನ ಮಾಡೆಲ್‌ಗಳು ಸಂಪೂರ್ಣವಾಗಿ ಈ ವ್ಯವಸ್ಥೆಯನ್ನೇ ನೆಚ್ಚಿಕೊಂಡಿವೆ. ಟೇಬಲ್ಲಿನ ಒಂದು ಸಾಲು ಒಳಗಿನ ಒಂದು ಅರೇಯಲ್ಲಿ ಕುಳಿತಿರುತ್ತದೆ. ಕಾಲಂ ಹೆಸರನ್ನು ಪ್ರಾಪರ್ಟಿಯಂತೆ ಕೇಳಿದಾಗ ‘ಗೆಟ್’ ಅದನ್ನು ಆ ಅರೇಯಿಂದ ತೆಗೆದುಕೊಡುತ್ತದೆ. ಬರೆಯುವವರಿಗೆ ಇದು ಬಹಳ ಹಗುರ. ಆದರೆ ಬಿಕರಿ ಪಟ್ಟಿಯ ಕ್ಲಾಸನ್ನು ತೆರೆದು ನೋಡಿದವರಿಗೆ ಅದರಲ್ಲಿ ತೂಕವೂ ಕಾಣುವುದಿಲ್ಲ, ದರವೂ ಕಾಣುವುದಿಲ್ಲ. ಕ್ಲಾಸಿನ ನಿಜವಾದ ಒಡಲು ಡೇಟಾಬೇಸಿನಲ್ಲಿ ಇರುತ್ತದೆ.

ಕನ್ನಡಿಗರಾದ ನಮಗೆ ಇದರ ಜೊತೆಗೆ ಇನ್ನೊಂದು ತೊಂದರೆ ಇದೆ, ಮತ್ತು ಅದರ ಬಗ್ಗೆ ಯಾವ ಕೈಪಿಡಿಯೂ ಎಚ್ಚರಿಸುವುದಿಲ್ಲ. ಮಂಡಿಯ ವ್ಯವಹಾರದ ಪದಗಳಿಗೆ ಸರಿಯಾದ ಇಂಗ್ಲಿಷ್ ಪದಗಳು ಇಲ್ಲದಿರುವುದರಿಂದ ನಮ್ಮ ಕಾಲಂಗಳ ಹೆಸರುಗಳು ರೋಮನ್ ಅಕ್ಷರದಲ್ಲಿ ಬರೆದ ಕನ್ನಡ ಪದಗಳೇ ಆಗಿವೆ. ‘ತೂಕ’ ಎಂಬುದನ್ನು ಒಬ್ಬರು ಎರಡು ‘ಓ’ ಅಕ್ಷರ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಒಂದು ‘ಯು’ ಹಾಕುತ್ತಾರೆ, ಮೂರನೆಯವರು ‘ಟಿ’ ಅಕ್ಷರದ ಪಕ್ಕದಲ್ಲಿ ‘ಎಚ್’ ಸೇರಿಸದೆ ಬಿಡುವುದಿಲ್ಲ. ‘ಹಮಾಲಿ’ಯ ದೀರ್ಘಕ್ಕೆ ಒಂದು ‘ಎ’ ಸಾಕೆನ್ನುವವರೂ ಎರಡು ಬೇಕೆನ್ನುವವರೂ ನಮ್ಮ ನಾಲ್ವರಲ್ಲಿಯೇ ಇದ್ದೇವೆ. ಕನ್ನಡ ಲಿಪಿಯಲ್ಲಿ ಒಂದೇ ರೂಪವಿರುವ ಪದಕ್ಕೆ ರೋಮನ್ ಲಿಪಿಯಲ್ಲಿ ಮೂರು ನಾಲ್ಕು ರೂಪಗಳಿದ್ದು, ಪಿಎಚ್‌ಪಿಯ ಪಾಲಿಗೆ ಅವೆಲ್ಲವೂ ಬೇರೆ ಬೇರೆ ಹೆಸರುಗಳು.

ಮೂರು ವರ್ಷಗಳ ಹಿಂದಿನ ಸುಗ್ಗಿಯಲ್ಲಿ ಇದರ ಬೆಲೆಯನ್ನು ತೆತ್ತೆವು. ಹಮಾಲಿ ಲೆಕ್ಕ ಹಾಕುವ ಕ್ಲಾಸನ್ನು ನಾನು ಹೊಸದಾಗಿ ಬರೆದಾಗ ಹಮಾಲಿ ದರದ ಪ್ರಾಪರ್ಟಿಯನ್ನು ಎರಡು ‘ಎ’ ಹಾಕಿ ಬರೆದಿದ್ದೆ. ಟೇಬಲ್ಲಿನ ಕಾಲಂನಲ್ಲಿ ಇದ್ದದ್ದು ಒಂದು. ಎಲೊಕ್ವೆಂಟ್ ತನ್ನಲ್ಲಿ ಇಲ್ಲದ ಹೆಸರನ್ನು ಕೇಳಿದಾಗ, ತಾನಾಗಿ ಬಿಟ್ಟರೆ, ಯಾವ ಸದ್ದೂ ಮಾಡದೆ ‘ನಲ್’ (ಏನೂ ಇಲ್ಲ ಎಂಬ ಸೂಚನೆ) ಕೊಡುತ್ತದೆ. ಪಿಎಚ್‌ಪಿ ಆ ‘ನಲ್’ ಅನ್ನು ಗುಣಾಕಾರದಲ್ಲಿ ಸೊನ್ನೆಯೆಂದು ತೆಗೆದುಕೊಳ್ಳುತ್ತದೆ, ಅದಕ್ಕೂ ಎಚ್ಚರಿಕೆ ಕೊಡುವುದಿಲ್ಲ. ಹೀಗೆ ಒಂದು ಮಂಡಿಯಲ್ಲಿ ಆರು ದಿನಗಳ ಬಿಕರಿ ಪಟ್ಟಿಗಳು ಹಮಾಲಿ ಸೊನ್ನೆಯೆಂದೇ ಅಚ್ಚಾದವು. ವಾರದ ಬಟವಾಡೆಯ ದಿನ ಹಮಾಲರ ಕೂಲಿಗೆ ಹಣ ಹೊಂದಿಸುವಾಗ ಲೆಕ್ಕ ಕೂಡದೆ ಮಂಡಿಯ ಯಜಮಾನರು ಫೋನ್ ಮಾಡಿ, “ಹಮಾಲಿ ಕಾಲಮ್ಮಿನಾಗ ಎಲ್ಲಾ ಸೊನ್ನೆ ಕುಂತೈತಲ್ರೀ, ನೋಡ್ರಿ ಒಂದೀಟು” ಎಂದರು. ಬೈಯಲಿಲ್ಲ. ಆದರೆ ರೈತರಿಗೆ ಕೊಟ್ಟ ಪಟ್ಟಿಯನ್ನು ತಿದ್ದಿ ಮತ್ತೆ ಕರೆದು ಕೊಡುವುದು ಮಂಡಿಯ ಮರ್ಯಾದೆಗೆ ಸಂಬಂಧಿಸಿದ ವಿಷಯವೆಂದು ಅವರು ಆ ವ್ಯತ್ಯಾಸವನ್ನು ತಾವೇ ಹೊತ್ತುಕೊಂಡರು. ಆ ಹಣವನ್ನು ನಾವು ಅವರ ನಿರ್ವಹಣಾ ಶುಲ್ಕದಲ್ಲಿ ಕಳೆದೆವು. ಒಂದು ಅಕ್ಷರದ ತಪ್ಪು ಇಷ್ಟು ದೂರ ಹೋದದ್ದನ್ನು ಕಂಡ ಮೇಲೆಯೇ ಪ್ರಾಪರ್ಟಿಗಳ ದಾಖಲೆಯನ್ನು ನಾವು ಗಂಭೀರವಾಗಿ ತೆಗೆದುಕೊಂಡದ್ದು.

ಇಂತಹ ಪ್ರಾಪರ್ಟಿಗಳನ್ನು ದಾಖಲಿಸುವ ಕ್ರಮ ಪಿಎಚ್‌ಪಿ ಲೋಕದಲ್ಲಿ ಹಳೆಯದು. ಕ್ಲಾಸಿನ ತಲೆಯ ಮೇಲೆ ಬರೆಯುವ ಡಾಕ್‌ಬ್ಲಾಕ್ ಟಿಪ್ಪಣಿಯಲ್ಲಿ ‘ಪ್ರಾಪರ್ಟಿ’ ಎಂಬ ಟ್ಯಾಗ್ ಹಾಕಿ, ಅದರ ಮುಂದೆ ಟೈಪ್, ಹೆಸರು ಮತ್ತು ಬೇಕಿದ್ದರೆ ಒಂದು ಸಾಲಿನ ವಿವರಣೆ ಕೊಡಬಹುದು. ಓದಲು ಮಾತ್ರ ಇರುವುದಕ್ಕೆ ‘ಪ್ರಾಪರ್ಟಿ-ರೀಡ್’, ಬರೆಯಲು ಮಾತ್ರ ಇರುವುದಕ್ಕೆ ‘ಪ್ರಾಪರ್ಟಿ-ರೈಟ್’ ಇವೆ. ಪಿಎಚ್‌ಪಿಗೆ ಇವು ಬರಿಯ ಟಿಪ್ಪಣಿಗಳು. ಓಡುವ ಪ್ರೋಗ್ರಾಮಿನ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಆದರೆ ಪಿಎಚ್‌ಪಿಸ್ಟಾರ್ಮ್, ವಿಎಸ್ ಕೋಡ್‌ನಲ್ಲಿ ಹಾಕಿಕೊಳ್ಳುವ ಇಂಟೆಲಿಫೆನ್ಸ್, ತಪಾಸಣೆಯ ಪಿಎಚ್‌ಪಿಸ್ಟ್ಯಾನ್, ಕೈಪಿಡಿ ತಯಾರಿಸುವ ಪಿಎಚ್‌ಪಿಡಾಕ್ಯುಮೆಂಟರ್ ಇವೆಲ್ಲವೂ ಆ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುತ್ತವೆ. ನಮ್ಮಲ್ಲಿ ನಲವತ್ತಕ್ಕೂ ಹೆಚ್ಚು ಟೇಬಲ್ಲುಗಳಿದ್ದು, ಪ್ರತಿಯೊಂದರ ಕಾಲಂಗಳನ್ನೂ ಕೈಯಿಂದ ಬರೆಯುತ್ತ ಕೂರುವುದು, ಬರೆದದ್ದನ್ನು ಪ್ರತಿ ಬದಲಾವಣೆಯ ಜೊತೆಗೂ ತಿದ್ದುವುದು ಆಗದ ಮಾತಾಗಿತ್ತು. ಮೊದಲ ಪ್ರಯತ್ನದಲ್ಲಿ ಹನ್ನೊಂದು ಕ್ಲಾಸುಗಳಿಗೆ ಬರೆದು ನಿಲ್ಲಿಸಿದ್ದೆವು.

ಐಡಿಇ ಹೆಲ್ಪರ್ ಮಾಡುವ ಕೆಲಸ ಇದೇ. ಲಾರಾವೆಲ್ ಡೀಬಗ್‌ಬಾರ್ ಅನ್ನೂ ಬರೆದ ಬ್ಯಾರಿ ವಾನ್ ಡೆನ್ ಹ್ಯೂವೆಲ್ ಅವರದು ಈ ಸಾಧನ; ಎಂಐಟಿ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಪಿಎಚ್‌ಪಿ ಪ್ಯಾಕೇಜುಗಳನ್ನು ತಂದು ಹಾಕುವ ಕಂಪೋಸರ್ ಮೂಲಕ, ಅಭಿವೃದ್ಧಿಯ ಯಂತ್ರಗಳಿಗೆ ಮಾತ್ರ ಬೇಕಾದ ಪ್ಯಾಕೇಜ್ ಎಂದು ಸೂಚಿಸಿ ಹಾಕಿಕೊಂಡರೆ ಸಾಕು, ಮಂಡಿಯಲ್ಲಿ ಓಡುವ ಸರ್ವರ್‌ಗೆ ಅದು ಹೋಗಬೇಕಾಗಿಲ್ಲ. ಇದರಲ್ಲಿ ಹಲವು ಕಮಾಂಡುಗಳಿವೆ; ನಮಗೆ ಬೇಕಾದದ್ದು ಮಾಡೆಲ್‌ಗಳ ಕಮಾಂಡ್. ಅದನ್ನು ಓಡಿಸಿದಾಗ ಅದು ಡೇಟಾಬೇಸಿಗೆ ಹೋಗಿ, ಪ್ರತಿ ಮಾಡೆಲ್‌ನ ಟೇಬಲ್ಲಿನ ಕಾಲಂಗಳನ್ನು ಓದಿ, ಒಂದೊಂದಕ್ಕೂ ಒಂದು ಪ್ರಾಪರ್ಟಿ ಸಾಲನ್ನು ಬರೆಯುತ್ತದೆ. ಮಾಡೆಲ್‌ನಲ್ಲಿ ಕಾಸ್ಟ್ (ಕಾಲಂ ಅನ್ನು ಯಾವ ಟೈಪಿಗೆ ಬದಲಾಯಿಸಿ ಕೊಡಬೇಕೆಂಬ ಸೂಚನೆ) ಹೇಳಿದ್ದರೆ ಟೈಪನ್ನು ಅದರಿಂದ ತೆಗೆದುಕೊಳ್ಳುತ್ತದೆ. ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಇರುವ ಸಂಬಂಧಗಳನ್ನು, ಎಂದರೆ ಒಂದು ಪಟ್ಟಿಗೆ ಸೇರಿದ ಲಾಟ್‌ಗಳು, ಆ ಪಟ್ಟಿಯ ರೈತರು ಇಂತಹವುಗಳನ್ನು, ಮೆಥಡ್‌ಗಳಿಂದ ಪತ್ತೆಮಾಡಿ ‘ಪ್ರಾಪರ್ಟಿ-ರೀಡ್’ ಎಂದು ಸೇರಿಸುತ್ತದೆ. ಈ ಟಿಪ್ಪಣಿಗಳನ್ನು ಮಾಡೆಲ್‌ನ ಫೈಲಿನಲ್ಲಿಯೇ ಬರೆಯಬೇಕೇ ಅಥವಾ ಪ್ರತ್ಯೇಕ ಫೈಲಿನಲ್ಲಿಯೇ ಎಂದು ಅದು ಕೇಳುತ್ತದೆ. ಮಾಡೆಲ್‌ನಲ್ಲಿ ‘ಮಿಕ್ಸಿನ್’ ಎಂಬ ಒಂದೇ ಟ್ಯಾಗ್ ಇಟ್ಟು ಉಳಿದೆಲ್ಲವನ್ನೂ ಹೊರಗಿನ ಫೈಲಿಗೆ ಕಳಿಸುವ ಮೂರನೆಯ ದಾರಿಯೂ ಇದೆ. ನಾವು ಮಾಡೆಲ್‌ನೊಳಗೇ ಬರೆಸುತ್ತೇವೆ, ಏಕೆಂದರೆ ಕ್ಲಾಸನ್ನು ತೆರೆದವರಿಗೆ ಅಲ್ಲಿಯೇ ಅದರ ಒಡಲು ಕಾಣಬೇಕು.

ಮೊದಲ ದಿನ ಕಮಾಂಡ್ ಓಡಿಸಿದಾಗಲೇ ಅದರ ಪ್ರಯೋಜನ ತಿಳಿಯಿತು. ಬಿಕರಿ ಪಟ್ಟಿಯ ಕ್ಲಾಸಿನ ಮೇಲೆ ಮೂವತ್ತು ಸಾಲುಗಳು ಬಂದು ನಿಂತವು. ಅವುಗಳಲ್ಲಿ ತೂಕಕ್ಕೆ ಸಂಬಂಧಿಸಿದ ಮೂರು ಕಾಲಂಗಳಿದ್ದು, ಮೂರರಲ್ಲಿಯೂ ತೂಕದ ಕಾಗುಣಿತ ಬೇರೆ ಬೇರೆಯಾಗಿತ್ತು. ಐದು ವರ್ಷ ಅದೇ ಟೇಬಲ್ಲನ್ನು ಬಳಸುತ್ತಿದ್ದರೂ ಇದನ್ನು ನಾವು ಯಾರೂ ಒಟ್ಟಿಗೆ ನೋಡಿರಲಿಲ್ಲ.

ಆದರೆ ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಸಾಧನ ಬರೆಯುವುದು ಹೆಸರು ಮತ್ತು ಟೈಪ್ ಎರಡನ್ನು ಮಾತ್ರ. ಆ ಮೂರು ತೂಕಗಳಲ್ಲಿ ಚೀಲ ಸಮೇತದ ತೂಕ ಯಾವುದು, ಚೀಲದ ತೂಕ ಕಳೆದ ಮೇಲಿನದು ಯಾವುದು, ತೇವಾಂಶಕ್ಕೆಂದು ಕಡಿತ ಮಾಡಿದ ನಂತರ ದರಕ್ಕೆ ಗುಣಿಸಬೇಕಾದದ್ದು ಯಾವುದು, ಅವು ಕಿಲೋದಲ್ಲಿ ಇವೆಯೇ ಕ್ವಿಂಟಾಲಿನಲ್ಲಿ ಇವೆಯೇ ಎಂಬುದು ಟೈಪಿನಿಂದ ತಿಳಿಯುವುದಿಲ್ಲ. ಮೂರಕ್ಕೂ ಒಂದೇ ಟೈಪ್. ದಾಖಲೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಈ ವಿವರಣೆ ಅಲ್ಲಿ ಇರಲೇಬೇಕು, ಮತ್ತು ಅದನ್ನು ಮಂಡಿಯ ಗುಮಾಸ್ತರ ಪಕ್ಕದಲ್ಲಿ ಕುಳಿತು ಕೇಳಿ ತಿಳಿದ ಮನುಷ್ಯರೇ ಬರೆಯಬೇಕು.

ಇದಕ್ಕೆ ಈ ಸಾಧನದಲ್ಲಿ ಒಂದು ಒಳ್ಳೆಯ ದಾರಿ ಇದೆ. ಡೇಟಾಬೇಸಿನ ಕಾಲಂಗೆ ಕಾಮೆಂಟ್ ಬರೆದಿದ್ದರೆ ಐಡಿಇ ಹೆಲ್ಪರ್ ಅದನ್ನು ತಂದು ಪ್ರಾಪರ್ಟಿಯ ಸಾಲಿನ ಕೊನೆಯಲ್ಲಿ ವಿವರಣೆಯಾಗಿ ಇಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಕಾಲಂನ ಕಾಮೆಂಟ್ 1024 ಅಕ್ಷರಗಳವರೆಗೆ ಇರಬಹುದು, ಕನ್ನಡ ಲಿಪಿಯಲ್ಲಿಯೂ ಇರಬಹುದು. ಆದ್ದರಿಂದ ನಾವು, ಟೇಬಲ್ಲುಗಳ ರಚನೆಯನ್ನು ಬರೆದಿಡುವ ಲಾರಾವೆಲ್‌ನ ಮೈಗ್ರೇಷನ್ ಫೈಲುಗಳಲ್ಲಿ ಕಾಲಂಗಳಿಗೆ ಕನ್ನಡದಲ್ಲಿಯೇ ಕಾಮೆಂಟ್ ಬರೆಯತೊಡಗಿದೆವು: ‘ಚೀಲದ ತೂಕ ಕಳೆದ ನಿವ್ವಳ ತೂಕ, ಕಿಲೋದಲ್ಲಿ, ದರ ಕ್ವಿಂಟಾಲಿಗೆ ಇರುವುದರಿಂದ ಗುಣಿಸುವ ಮೊದಲು ನೂರರಿಂದ ಭಾಗಿಸಬೇಕು’, ‘ರೈತರಿಗೆ ಹಿಂದೆ ಕೊಟ್ಟ ಮುಂಗಡದಲ್ಲಿ ಈ ಪಟ್ಟಿಯಲ್ಲಿ ಹಿಡಿದುಕೊಂಡ ಮೊತ್ತ, ಒಟ್ಟು ಮುಂಗಡ ಅಲ್ಲ’. ಈ ಮಾತುಗಳು ಒಂದೇ ಕಡೆ, ಡೇಟಾಬೇಸಿನಲ್ಲಿ, ಇರುತ್ತವೆ. ಕ್ಲಾಸಿನ ಮೇಲಿನ ಟಿಪ್ಪಣಿ ಅಲ್ಲಿಂದ ತಾನೇ ಬರುತ್ತದೆ. ಎಡಿಟರಿನಲ್ಲಿ ಆ ಪ್ರಾಪರ್ಟಿಯ ಮೇಲೆ ಮೌಸ್ ಇಟ್ಟವರಿಗೆ ಕನ್ನಡದ ಆ ಸಾಲು ಕಾಣುತ್ತದೆ. ರೋಮನ್ ಕಾಗುಣಿತದಿಂದ ಕಳೆದುಹೋಗಿದ್ದ ಪದ ಹೀಗೆ ತನ್ನ ಸರಿಯಾದ ಲಿಪಿಯಲ್ಲಿ ಹಿಂದಿರುಗಿತು. ಊರಿನ ಎಂಜಿನಿಯರಿಂಗ್ ಕಾಲೇಜುಗಳಿಂದ ತರಬೇತಿಗೆ ಬರುವ ವಿದ್ಯಾರ್ಥಿಗಳಿಗೆ ಮಂಡಿಯ ಲೆಕ್ಕವನ್ನು ನಾನು ಈಗ ಇದೇ ಟಿಪ್ಪಣಿಗಳನ್ನು ತೋರಿಸಿ ಹೇಳಿಕೊಡುತ್ತೇನೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಕಾಲಂಗೆ ಕಾಮೆಂಟ್ ಸೇರಿಸಬೇಕಾದರೆ ಮೈಗ್ರೇಷನ್‌ನಲ್ಲಿ ಕಾಲಂ ಬದಲಾಯಿಸುವ ಸೂಚನೆ ಕೊಡಬೇಕಾಗುತ್ತದೆ. ಲಾರಾವೆಲ್ 11ನೆಯ ಆವೃತ್ತಿಯಿಂದ, ಹಾಗೆ ಬದಲಾಯಿಸುವಾಗ ಆ ಕಾಲಂ ಉಳಿಸಿಕೊಳ್ಳಬೇಕಾದ ಎಲ್ಲ ಗುಣಗಳನ್ನೂ, ಅಂದರೆ ಖಾಲಿ ಬಿಡಬಹುದೇ, ಪೂರ್ವನಿಗದಿತ ಮೌಲ್ಯ ಯಾವುದು, ಋಣಸಂಖ್ಯೆಗೆ ಅವಕಾಶ ಇಲ್ಲವೇ ಇವನ್ನು, ಮತ್ತೆ ಬರೆಯಬೇಕು. ಬರೆಯದೆ ಬಿಟ್ಟದ್ದು ಕಾಲಂನಿಂದ ಹೋಗುತ್ತದೆ. ಕೇವಲ ಕಾಮೆಂಟ್ ಸೇರಿಸುತ್ತಿದ್ದೇವೆ ಎಂದು ಉದಾಸೀನ ಮಾಡುವಂತಿಲ್ಲ.

ಕುಂದುಗಳೂ ಇವೆ. ಮೊದಲನೆಯದು, ಈ ಕಮಾಂಡಿಗೆ ಜೀವಂತ ಡೇಟಾಬೇಸ್ ಬೇಕು ಮತ್ತು ಅದು ಕಂಡದ್ದನ್ನೇ ಸತ್ಯವೆಂದು ಬರೆಯುತ್ತದೆ. ನನ್ನ ಯಂತ್ರದ ಡೇಟಾಬೇಸಿನಲ್ಲಿ ಅರ್ಧಕ್ಕೆ ಕೈಬಿಟ್ಟ ಒಂದು ಕೆಲಸದ ಕಾಲಂ ಉಳಿದುಕೊಂಡಿತ್ತು. ಕಮಾಂಡ್ ಅದನ್ನೂ ದಾಖಲಿಸಿತು, ಸಹೋದ್ಯೋಗಿಯೊಬ್ಬರು ದಾಖಲೆಯನ್ನು ನಂಬಿ ಅದನ್ನು ಬಳಸಿದರು. ತಪ್ಪು ನಮ್ಮದೇ. ಈಗ ಖಾಲಿ ಡೇಟಾಬೇಸಿನಲ್ಲಿ ಎಲ್ಲ ಮೈಗ್ರೇಷನ್‌ಗಳನ್ನೂ ಮೊದಲಿನಿಂದ ಓಡಿಸಿದ ಮೇಲೆಯೇ ಟಿಪ್ಪಣಿ ಬರೆಸುವ ನಿಯಮ ಮಾಡಿಕೊಂಡಿದ್ದೇವೆ. ಎರಡನೆಯದು, ಈಗಾಗಲೇ ಇರುವ ಟಿಪ್ಪಣಿಯ ಮೇಲೆ ಮತ್ತೆ ಓಡಿಸಿದರೆ ಅದು ಹೊಸದನ್ನು ಸೇರಿಸುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ‘ರೀಸೆಟ್’ ಆಯ್ಕೆ ಕೊಟ್ಟರೆ ಕ್ಲಾಸಿನ ಮೇಲೆ ನಾವು ಕೈಯಿಂದ ಬರೆದ ವಿವರಣೆಯೂ ಸೇರಿ ಎಲ್ಲವೂ ಅಳಿದುಹೋಗುತ್ತದೆ. ವಿವರಣೆಯನ್ನು ಉಳಿಸಿ ಪ್ರಾಪರ್ಟಿಗಳ ಸಾಲುಗಳನ್ನು ಮಾತ್ರ ಹೊಸದು ಮಾಡುವ ‘ಸ್ಮಾರ್ಟ್ ರೀಸೆಟ್’ ಎಂಬ ಆಯ್ಕೆ ಇದೆ, ಅದನ್ನೇ ಬಳಸಬೇಕು. ಮೂರನೆಯದು ಗದ್ದಲ: ಪ್ರತಿ ಕಾಲಂಗೂ ಒಂದು ಹುಡುಕಾಟದ ಮೆಥಡ್ ಸಾಲು, ಪ್ರತಿ ಸಂಬಂಧಕ್ಕೂ ಒಂದು ಎಣಿಕೆಯ ಪ್ರಾಪರ್ಟಿ ಸೇರಿ ಟಿಪ್ಪಣಿ ಎರಡು ಪಟ್ಟು ಉದ್ದವಾಗುತ್ತದೆ. ಎಣಿಕೆಯನ್ನು ಕ್ವೆರಿಯಲ್ಲಿ ಕೇಳಿಕೊಂಡಿದ್ದರೆ ಮಾತ್ರ ಆ ಪ್ರಾಪರ್ಟಿಯಲ್ಲಿ ಮೌಲ್ಯ ಇರುತ್ತದೆ. ದಾಖಲೆಯಲ್ಲಿ ಮಾತ್ರ ಅದು ಸದಾ ಇರುತ್ತದೆ. ಹೊಸಬರನ್ನು ದಾರಿ ತಪ್ಪಿಸುವ ಇವೆರಡನ್ನೂ ಕಾನ್ಫಿಗ್ ಫೈಲಿನಲ್ಲಿ ನಿಲ್ಲಿಸಬಹುದು, ನಾವು ನಿಲ್ಲಿಸಿದ್ದೇವೆ.

ಹಣದ ಕಾಲಂಗಳ ಟೈಪನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಮೈಎಸ್‌ಕ್ಯೂಎಲ್‌ನ ಡೆಸಿಮಲ್ ಕಾಲಂನ ಮೌಲ್ಯ ಪಿಎಚ್‌ಪಿಗೆ ಸ್ಟ್ರಿಂಗ್ (ಅಕ್ಷರಗಳ ಸರಣಿ) ಆಗಿ ಬರುತ್ತದೆ, ಲಾರಾವೆಲ್‌ನ ಡೆಸಿಮಲ್ ಕಾಸ್ಟ್ ಕೂಡ ಸ್ಟ್ರಿಂಗನ್ನೇ ಕೊಡುತ್ತದೆ. ಪೈಸೆ ತಪ್ಪಬಾರದೆಂಬ ಕಾರಣಕ್ಕೆ ಅದು ಹಾಗಿದೆ. ಟಿಪ್ಪಣಿಯ ಟೈಪ್ ಇದಕ್ಕೆ ಹೊಂದುತ್ತದೆಯೇ ಎಂದು ಪ್ರತಿ ಹಣದ ಕಾಲಂನಲ್ಲಿಯೂ ಪರೀಕ್ಷಿಸಿ.

ದಾಖಲೆಯನ್ನು ಯಾರೂ ತಾಳೆ ನೋಡದಿದ್ದರೆ ಅದು ಕೆಲವೇ ತಿಂಗಳುಗಳಲ್ಲಿ ಹಳಸುತ್ತದೆ. ಐಡಿಇ ಹೆಲ್ಪರ್ ಬರೆಯುತ್ತದೆ, ತಾಳೆ ನೋಡುವುದಿಲ್ಲ. ಆ ಕೆಲಸಕ್ಕೆ ಒಂಡ್ರೆಜ್ ಮಿರ್ಟೆಸ್ ಅವರ ಪಿಎಚ್‌ಪಿಸ್ಟ್ಯಾನ್ ಅನ್ನು ಜೊತೆಗೆ ಇಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ 0ಯಿಂದ 10ರವರೆಗೆ ಹಂತಗಳಿವೆ. ಘೋಷಣೆಯೂ ಇಲ್ಲದ, ಟಿಪ್ಪಣಿಯೂ ಇಲ್ಲದ ಪ್ರಾಪರ್ಟಿಯನ್ನು ಮ್ಯಾಜಿಕ್ ‘ಗೆಟ್’ ಇರುವ ಕ್ಲಾಸಿನ ಒಳಗೆ ಬಳಸಿದರೆ 1ನೆಯ ಹಂತದಲ್ಲಿಯೂ, ಬೇರೆ ಕಡೆಯಿಂದ ಬಳಸಿದರೆ 2ನೆಯ ಹಂತದಲ್ಲಿಯೂ ಅದು ತಡೆದು ತೋರಿಸುತ್ತದೆ. ನಮ್ಮ ಎರಡು ‘ಎ’ಗಳ ಹಮಾಲಿಯನ್ನು ಹಳೆಯ ಕೋಡಿನಿಂದ ತೆಗೆದು ಹೀಗೆ ಪರೀಕ್ಷಿಸಿದಾಗ ಆ ಸಾಲನ್ನು ಅದು ಕೂಡಲೇ ಹಿಡಿಯಿತು. ಹಳೆಯ ಕೋಡಿನಲ್ಲಿ ನೂರಾರು ದೂರುಗಳು ಬಂದರೆ ಗಾಬರಿಯಾಗಬೇಕಿಲ್ಲ. ಅವನ್ನು ‘ಬೇಸ್‌ಲೈನ್’ ಎಂಬ ಫೈಲಿನಲ್ಲಿ ಬರೆದಿಟ್ಟು, ಹೊಸ ತಪ್ಪುಗಳನ್ನು ಮಾತ್ರ ತಡೆಯುತ್ತ, ಹಳೆಯದನ್ನು ಬಿಡುವಿನಲ್ಲಿ ತೀರಿಸಬಹುದು. ಲಾರಾವೆಲ್ ಬಳಸುವವರು ಲಾರಾಸ್ಟ್ಯಾನ್ ಎಂಬ ಅದರ ವಿಸ್ತರಣೆಯನ್ನೂ ಹಾಕಿಕೊಳ್ಳಬಹುದು. ಅದು ಮೈಗ್ರೇಷನ್ ಫೈಲುಗಳನ್ನು ಓದಿಯೇ ಕಾಲಂಗಳನ್ನು ಊಹಿಸುತ್ತದೆ.

ಈ ತಪಾಸಣೆ, ಪುಟಗಳ ರೂಪವನ್ನು ಬರೆಯುವ ಲಾರಾವೆಲ್‌ನ ಬ್ಲೇಡ್ ಟೆಂಪ್ಲೇಟ್‌ಗಳ ಒಳಗೆ ತಾನಾಗಿ ಹೋಗುವುದಿಲ್ಲ. ಪಟ್ಟಿ ಅಚ್ಚಾಗುವುದು ಅಲ್ಲಿಂದಲೇ ಆದ್ದರಿಂದ, ಇಲ್ಲದ ಪ್ರಾಪರ್ಟಿಯನ್ನು ಕೇಳಿದರೆ ‘ನಲ್’ ಕೊಡುವ ಬದಲು ಎಕ್ಸೆಪ್ಷನ್ ಎಸೆಯುವಂತೆ ಮಾಡೆಲ್‌ಗಳಿಗೆ ಲಾರಾವೆಲ್‌ನ ಕಟ್ಟುನಿಟ್ಟಿನ ಕ್ರಮವನ್ನು ನಮ್ಮ ಯಂತ್ರಗಳಲ್ಲಿ ಹಾಕಿದ್ದೇವೆ. ಅದಕ್ಕೂ ಮಿತಿಗಳಿವೆ: ಡೇಟಾಬೇಸಿನಿಂದ ಓದಿ ತಂದ ಮಾಡೆಲ್‌ಗಳಲ್ಲಿ ಅದು ಎಚ್ಚರಿಸುತ್ತದೆ, ಆಗಷ್ಟೇ ಸೃಷ್ಟಿಸಿದವುಗಳಲ್ಲಿ ಎಚ್ಚರಿಸುವುದಿಲ್ಲ. ಜೊತೆಗೆ, ‘ಇಲ್ಲದಿದ್ದರೆ ಸೊನ್ನೆ ಎಂದುಕೋ’ ಎಂದು ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದಲ್ಲಿ ಪಿಎಚ್‌ಪಿ ಮೊದಲು ‘ಇಸ್‌ಸೆಟ್’ ಅನ್ನು ವಿಚಾರಿಸುತ್ತದೆ, ಅದು ಇಲ್ಲವೆನ್ನುತ್ತದೆ, ಕಾಗುಣಿತದ ತಪ್ಪು ಸೊನ್ನೆಯ ಹಿಂದೆ ಅಡಗಿಕೊಳ್ಳುತ್ತದೆ. ಹಣ ಮತ್ತು ತೂಕದ ಜಾಗದಲ್ಲಿ ಆ ಬರವಣಿಗೆಯನ್ನು ನಾವು ನಿಷೇಧಿಸಿದ್ದೇವೆ.

ಎಲೊಕ್ವೆಂಟ್‌ಗೆ ಸೇರದ ಕ್ಲಾಸುಗಳಿಗೆ ಈ ಸಾಧನದಿಂದ ಪ್ರಯೋಜನವಿಲ್ಲ. ಮಂಡಿಯ ಸೆಟ್ಟಿಂಗ್‌ಗಳನ್ನು ಅರೇಯಲ್ಲಿ ಇಟ್ಟುಕೊಂಡು ‘ಗೆಟ್’ ಮೂಲಕ ಕೊಡುವ ನಮ್ಮ ಒಂದು ಹಳೆಯ ಕ್ಲಾಸಿಗೆ ಹದಿನಾಲ್ಕು ‘ಪ್ರಾಪರ್ಟಿ-ರೀಡ್’ ಸಾಲುಗಳನ್ನು ಕೈಯಿಂದಲೇ ಬರೆದಿದ್ದೇವೆ. ಮ್ಯಾಜಿಕ್ ಮೆಥಡ್ ಸಹ ಇಲ್ಲದೆ, ಹೊರಗಿನಿಂದ ಹೊಸ ಪ್ರಾಪರ್ಟಿಯನ್ನು ಆಬ್ಜೆಕ್ಟಿಗೆ ಅಂಟಿಸುತ್ತಿದ್ದ ಇನ್ನೂ ಹಳೆಯ ಕೋಡಿಗೆ ದಾಖಲೆ ಬರೆದು ಫಲವಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.2 ಅಂತಹ ಡೈನಾಮಿಕ್ ಪ್ರಾಪರ್ಟಿಯ ಸೃಷ್ಟಿ ಮುಂದೆ ನಿಂತುಹೋಗಲಿದೆ ಎಂಬ ಎಚ್ಚರಿಕೆ ಕೊಡುತ್ತದೆ. ‘ಅಲೌ ಡೈನಾಮಿಕ್ ಪ್ರಾಪರ್ಟೀಸ್’ ಎಂಬ ಆ್ಯಟ್ರಿಬ್ಯೂಟ್ ಅಂಟಿಸಿ ಎಚ್ಚರಿಕೆಯನ್ನು ಸುಮ್ಮನಿರಿಸಬಹುದಾದರೂ, ಆ ಪ್ರಾಪರ್ಟಿಗಳನ್ನು ಟೈಪ್ ಸಮೇತ ಘೋಷಿಸುವುದೇ ಸರಿಯಾದ ಕ್ರಮ. ಲೆಕ್ಕ ಹಾಕಿ ಕೊಡಬೇಕೆಂಬ ಕಾರಣಕ್ಕೆ ಮಾತ್ರ ‘ಗೆಟ್’ ಬರೆದಿದ್ದವರಿಗೆ 2024ರ ನವೆಂಬರ್‌ನಲ್ಲಿ ಬಂದ 8.4ನೆಯ ಆವೃತ್ತಿಯ ಪ್ರಾಪರ್ಟಿ ಹುಕ್‌ಗಳು ಇನ್ನೂ ಉತ್ತಮ: ಪ್ರಾಪರ್ಟಿ ಕ್ಲಾಸಿನಲ್ಲಿ ಕಣ್ಣಿಗೆ ಕಾಣುವಂತೆ ಇರುತ್ತದೆ, ಓದುವಾಗಿನ ಲೆಕ್ಕ ಅದರ ಪಕ್ಕದಲ್ಲಿಯೇ ಇರುತ್ತದೆ. ನಮ್ಮ ಸೆಟ್ಟಿಂಗ್ ಕ್ಲಾಸಿನಲ್ಲಿ ನಾಲ್ಕು ಪ್ರಾಪರ್ಟಿಗಳನ್ನು ಹಾಗೆ ಬದಲಾಯಿಸಿದ್ದೇವೆ, ಅವುಗಳ ಟಿಪ್ಪಣಿಗಳನ್ನು ಅಳಿಸಿದ್ದೇವೆ.

ಲಾರಾವೆಲ್‌ನಲ್ಲಿ ಹತ್ತಕ್ಕಿಂತ ಹೆಚ್ಚು ಮಾಡೆಲ್‌ಗಳಿರುವ ಯಾವ ತಂಡವೂ ಐಡಿಇ ಹೆಲ್ಪರ್ ಅನ್ನು ಹಾಕಿಕೊಳ್ಳಬೇಕೆಂದು ನಾನು ಶಿಫಾರಸು ಮಾಡುತ್ತೇನೆ. ಐದು ನಕ್ಷತ್ರಗಳಲ್ಲಿ ನಾಲ್ಕು ಕೊಡುತ್ತೇನೆ. ತಾನಾಗಿ ಬರುವ ಗದ್ದಲಕ್ಕೂ, ಹಳೆಯ ಸಾಲುಗಳನ್ನು ಹಾಗೆಯೇ ಬಿಡುವ ಅಭ್ಯಾಸಕ್ಕೂ ಒಂದನ್ನು ಹಿಡಿದಿದ್ದೇನೆ. ಹಾಕಿಕೊಂಡ ದಿನವೇ ಎಲ್ಲ ಟೇಬಲ್ಲುಗಳಿಗೂ ಕಾಮೆಂಟ್ ಬರೆಯಲು ಹೊರಡಬೇಡಿ. ಹಣ ಮತ್ತು ತೂಕದ ಕಾಲಂಗಳಿಂದ ಆರಂಭಿಸಿ. ನಮ್ಮಲ್ಲಿ ಹದಿನೇಳು ಟೇಬಲ್ಲುಗಳು ಇನ್ನೂ ಬಾಕಿ ಇವೆ. ಮಂಡಿಗಳಲ್ಲಿ ಹೊಸ ಮೆಕ್ಕೆಜೋಳ ಬರುವ ಮೊದಲು ಅವುಗಳಲ್ಲಿ ಮುಂಗಡ ಮತ್ತು ಬಾಕಿಯ ಆರನ್ನು ಮುಗಿಸಬೇಕೆಂದು, ಗುರುವಾರ ಮಧ್ಯಾಹ್ನ ಯಾರ್ಡ್‌ನಲ್ಲಿ ಟೆಂಡರ್ ಮುಗಿದ ಮೇಲೆ ಬಿಡುವಾಗುವ ಗುಮಾಸ್ತರೊಬ್ಬರ ಜೊತೆ ಕುಳಿತು ಒಂದೊಂದಾಗಿ ಬರೆಯುತ್ತಿದ್ದೇವೆ.